ಹಾಲುಕ್ಕಿಸಿದ ಗಾಡಿ

ವ್ಯಾನಿನ ಹಿಂಬಾಗಿಲನ್ನು ಅರ್ಧ ತೆರೆದಿದ್ದ ದಿಲೀಪನ ಕೈಯನ್ನು ಅವನ ದೊಡ್ಡಪ್ಪ ದೇವಯ್ಯ ಹಿಡಿದುಕೊಂಡ.

“ಇಲ್ಲೇ ಇಳಿಸ್ಬೇಕು ಕಣ್ಲಾ ಮಗ. ಇಲ್ಲಿಂದ ಮುಂದಕ್ಕೆ ಬ್ಯಾಡ.”

“ಇಲ್ಲೇ ಅಂದ್ರೆ? ರೋಡಲ್ಲಾ ದೊಡ್ಡಪ್ಪ?”

“ರೋಡಲ್ಲಿ ಯಾಕೆ? ಆಲದ ಮರದ ಕೆಳಗೆ ಗುಡಿಸಿ ನೀರಾಕ್ಸಿವ್ನಿ. ಚಾಪೆ ಅದೆ.”

ವ್ಯಾನು ನಿಂತಿದ್ದುದು ಹೊಂಗೆಕೊಪ್ಪಲಿನ ಊರಬಾಗಿಲಲ್ಲಿ, ಕರುಗಲ್ಲಿನ ಮುಂದೆ. ಮೊಣಕಾಲೆತ್ತರದ ಆ ಕಲ್ಲಿಗೆ ಸಂಕ್ರಾಂತಿಯ ದಿನ ಹಚ್ಚಿದ ಅರಿಸಿನ ಇನ್ನೂ ಮಾಸಿರಲಿಲ್ಲ. ಹೊರಗೆ ಪ್ರಾಣ ಬಿಟ್ಟವರನ್ನು ಆ ಕಲ್ಲು ದಾಟಿಸಿ ಊರೊಳಗೆ ತರುವಂತಿಲ್ಲ. ಮರದ ಕೆಳಗೆ ಮಲಗಿಸಿ, ಅಲ್ಲೇ ಮೈ ತೊಳೆದು, ಅಲ್ಲಿಂದಲೇ ತೋಟಕ್ಕೆ ಒಯ್ಯಬೇಕು. ಕೆ.ಆರ್.ಎಸ್.ನಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ಓದುವ ಕೆಲಸದಲ್ಲಿದ್ದ ದಿಲೀಪನ ಅಪ್ಪ ಸಿದ್ದರಾಜು ಹಿಂದಿನ ಸಂಜೆ ಮೈಸೂರಿನ ಆಸ್ಪತ್ರೆಯಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಅವನು ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಅವ್ವನ ಗುಡ್ಡೆಗಳ ಪಕ್ಕದಲ್ಲಿ ಅವನಿಗೂ ಗುಂಡಿ ತೋಡಲು ಆಳುಗಳು ಬೆಳಿಗ್ಗೆಯೇ ಹೋಗಿದ್ದರು.

ಮುಂದಿನ ಸೀಟಿನಿಂದ ಸಿದ್ದರಾಜನ ಹೆಂಡತಿ ಪುಟ್ಟತಾಯಮ್ಮ ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮರದ ಕೆಳಗಿನ ಒದ್ದೆ ನೆಲವನ್ನೂ ಅದರ ಮೇಲಿದ್ದ ಚಾಪೆಯನ್ನೂ ನೋಡಿದಳು. ಆಚೆ ಕಬ್ಬಿನ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು.

“ಭಾವ, ಅವ್ರನ್ನ ಬೀದೀಲಿ ಮಲಗ್ಸಾಕೆ ನಾನು ಒಪ್ಪಾಕಿಲ್ಲ.”

ದೇವಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಎರಡು ವರ್ಷದಿಂದ ಊರಿನ ಯಜಮಾನಿಕೆ ಅವನದೇ. “ನೋಡು ತಾಯಿ, ನನಗೇನು ಒಟ್ಟೆ ಉರಿಯಾಕಿಲ್ವಾ? ನನ್ನ ಬೆನ್ನಿಗೆ ಬಿದ್ದೋನು ಅವ್ನು. ಆದ್ರೆ ಓದ್ವರ್ಸ ಪುಟ್ಟಗೌರಮ್ಮನ ಮಗ ಲಾರಿಗೆ ಸಿಕ್ಕಿದ್ನಲ್ಲ, ಅವನ್ನ ಇದೇ ಮರದ ಕೆಳಗೆ ಮಲಗ್ಸಿದ್ದು. ಕಲ್ಲು ದಾಟ್ಬ್ಯಾಡ ಅಂತ ಅಡ್ಡ ನಿಂತಿದ್ದೋನು ನಾನೇ. ಇವತ್ತು ನನ್ನ ತಮ್ಮ ಅಂತ ದಾಟ್ಸಿದ್ರೆ ಆಯಮ್ಮನ ಮುಖ ಎಂಗೆ ನೋಡ್ಲಿ?”

ಪುಟ್ಟಗೌರಮ್ಮ ಹೆಂಗಸರ ಗುಂಪಿನಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ.

“ದಾಟ್ಸಿ ಅಂತ ಎಲ್ಲಂದೆ?” ಎಂದಳು ಪುಟ್ಟತಾಯಮ್ಮ. “ಅವ್ರು ಒಳೀಕೆ ಬರಂಗಿಲ್ಲ. ಸರಿ. ಅವ್ರ ಮನೆ ಆಚೀಕೆ ಬರಬಾರ್ದು ಅಂತ ಯಾರಾದ್ರೂ ಯೋಳವ್ರಾ?”

ಯಾರಿಗೂ ತಿಳಿಯಲಿಲ್ಲ. ಅವಳ ಮಗಳು ಸುನಿತಾಳಿಗೆ ಮಾತ್ರ ತಿಳಿಯಿತು. ನಾಗಮಂಗಲದ ಶಾಲೆಯೊಂದರಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದ ಅವಳು ಬೆಳಗಿನ ಮೊದಲ ಬಸ್ಸಿಗೆ ಬಂದು ಮರಕ್ಕೆ ಒರಗಿ ನಿಂತಿದ್ದಳು. ಈಗ ನೆಟ್ಟಗಾದಳು.

“ನಿಮ್ಮ ಕಣದಲ್ಲಿ, ಉಲ್ಲಿನ ಕೆಳಗೆ ಅದೆಯಲ್ಲ ಭಾವ,” ಎಂದಳು ಪುಟ್ಟತಾಯಮ್ಮ. “ಅದನ್ನ ಎಳೆಸಿ. ಅಲ್ಲೀಗಂಟ ಅವ್ರು ವ್ಯಾನಲ್ಲೇ ಇರ್ಲಿ.”

*

ಅದು ಸಿಕ್ಕಿದ್ದು ತೊಂಬತ್ತರ ಬೇಸಿಗೆಯಲ್ಲಿ, ನೀರಾವರಿ ಇಲಾಖೆಯ ಗುಜರಿ ಹರಾಜಿನಲ್ಲಿ. ಎಂದೋ ಕಾಲುವೆ ಸರ್ವೆಗೆಂದು ತರಿಸಿದ್ದ ಎರಡು ಚಕ್ರದ ಟ್ರೈಲರು. ಮುಚ್ಚಿದ್ದಾಗ ಸೊಂಟದೆತ್ತರದ ತಗಡಿನ ಪೆಟ್ಟಿಗೆ. ಮುಚ್ಚಳವನ್ನು ನಾಲ್ಕು ಮೂಲೆಯ ಕೊಳವೆಗಳ ಮೇಲೆ ಎತ್ತಿದರೆ ಅದೇ ಚಾವಣಿ. ಎರಡು ಪಕ್ಕಗಳಲ್ಲಿ ಮಂಚದ ಹಲಗೆಗಳು ಡ್ರಾಯರಿನಂತೆ ಹೊರಗೆ ಜಾರುತ್ತವೆ, ಸುತ್ತ ಡೇರೆಯ ಬಟ್ಟೆ ಇಳಿಯುತ್ತದೆ. ಇಳಿಯಬೇಕಾಗಿತ್ತು ಎನ್ನಬೇಕು. ಸಿದ್ದರಾಜು ಅದನ್ನು ಕೊಂಡಾಗ ಬಟ್ಟೆ ಗೆದ್ದಲಿಗೆ ಹೋಗಿ, ಕೊಳವೆಗಳು ತುಕ್ಕು ಹಿಡಿದು, ಒಳಗೆ ನಾಯಿಯೊಂದು ಮರಿ ಹಾಕಿತ್ತು. ಬೇರೆ ಯಾರೂ ಅದಕ್ಕೆ ಕೂಗಲಿಲ್ಲ.

“ಇದನ್ನೇನ್ ಮಾಡ್ತೀಯಲಾ?” ಎಂದು ಕೇಳಿದ್ದ ಪಾಂಡವಪುರದ ಕುಳ್ಳಯ್ಯ. ಟ್ರಾಕ್ಟರು ರಿಪೇರಿಯ ಶೆಡ್ಡಿಟ್ಟುಕೊಂಡಿದ್ದ ಅವನು ಸಿದ್ದರಾಜನ ಹೈಸ್ಕೂಲಿನ ಗೆಳೆಯ.

“ಎಂಡ್ರು ಮಕ್ಕಳನ್ನ ಕರ್ಕಂಡು ತಿರುಗ್ತೀನಿ.”

“ಲಾಡ್ಜಿಲ್ವಾ? ಛತ್ರ ಇಲ್ವಾ?”

“ನಾಲ್ಕು ಜನಕ್ಕೆ ಲಾಡ್ಜು, ಓಟ್ಲು ಅಂದ್ರೆ ವರ್ಸಕ್ಕೊಂದು ಸಲ ಓಗ್ಬೌದು. ಇದಿದ್ರೆ ತಿಂಗಳಿಗೊಂದು ಸಲ. ಅಕ್ಕಿ, ರಾಗಿ ಎಂಗೂ ಮನೇದು. ಎಳಿಯಾಕೆ ನಿನ್ನ ಜೀಪದೆ.”

“ನನ್ನ ಜೀಪ್ನ ಕೇಳ್ದೇನಲಾ?”

“ಕೇಳಿದ್ರೆ ಇಲ್ಲ ಅಂತಿದ್ದೆ.”

ಮಳೆಗಾಲ ಕಳೆಯುವವರೆಗೂ ಭಾನುವಾರಗಳೆಲ್ಲ ಅದರಲ್ಲೇ ಹೋದವು. ಸಿದ್ದರಾಜು ಕೊಳವೆಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಮರಳುಕಾಗದದಿಂದ ಉಜ್ಜಿ, ಒಂದರೊಳಗೊಂದು ಸಲೀಸಾಗಿ ಜಾರುವ ತನಕ ಬಿಡಲಿಲ್ಲ. ಲಾರಿಗಳಿಗೆ ಟಾರ್ಪಾಲು ಹೊಲಿಯುವವನ ಬಳಿ ದಪ್ಪ ಬಟ್ಟೆ ಹೊಲಿಸಿದ. ಕಿಟಕಿಗಳಿಗೆ ಪುಟ್ಟತಾಯಮ್ಮ ಸೊಳ್ಳೆಪರದೆಯ ತುಂಡು ಕೂಡಿಸಿದಳು. ಕುಳ್ಳಯ್ಯ ಬೆಸುಗೆ ಹಾಕಿದ್ದಕ್ಕಿಂತ ಬೈದದ್ದೇ ಹೆಚ್ಚು. ಮಂಚದ ಹಲಗೆ ತೂಕ ತಡೆಯುತ್ತದೆಯೋ ಇಲ್ಲವೋ ನೋಡಲು ಗೆಳೆಯರಿಬ್ಬರೂ ಅದರ ಮೇಲೆ ಹತ್ತಿ ಕುಣಿದರು.

ಚಾವಣಿ ಎತ್ತುವುದರಲ್ಲಿ ಮಾತ್ರ ಒಂದು ತೊಡಕಿತ್ತು. ನಾಲ್ಕು ಮೂಲೆಗಳೂ ಒಟ್ಟಿಗೇ ಏಳಬೇಕು. ಒಂದು ಮೂಲೆ ಬೆರಳಗಲ ಮುಂದಾದರೂ ಉಳಿದ ಮೂರು ಕಚ್ಚಿಕೊಳ್ಳುತ್ತಿದ್ದವು. ಕುಳ್ಳಯ್ಯ ಸರಪಳಿ ಹಾಕಿ ರಾಟೆ ಕೂಡಿಸೋಣವೆಂದ. ಸಿದ್ದರಾಜು ತನ್ನ ಸಂಸಾರವನ್ನು ಒಮ್ಮೆ ಕಣ್ಣಲ್ಲೇ ಎಣಿಸಿ, “ಬ್ಯಾಡ ಬುಡು, ಮೂಲೆಗೊಬ್ರು ಸರಿಯಾಗಿದ್ದೀವಿ,” ಎಂದ.

ಎಲ್ಲ ಮುಗಿದ ಮೇಲೆ ಅವನು ಮಾಡಿದ ಕೆಲಸಕ್ಕೆ ಕ್ವಾರ್ಟರ್ಸಿನ ಜನ ಬಹಳ ದಿನ ನಕ್ಕರು. ಗಾಡಿಗೆ ಗೃಹಪ್ರವೇಶ ಇಟ್ಟುಕೊಂಡ. ಮಾವಿನ ತೋರಣ ಕಟ್ಟಿ, ಒಳಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಹೊಸ ಪಾತ್ರೆಯಲ್ಲಿ ಪುಟ್ಟತಾಯಮ್ಮನ ಕೈಯಿಂದ ಹಾಲುಕ್ಕಿಸಿದ. ಊರಿಂದ ಅಣ್ಣನನ್ನೂ ಕರೆಸಿದ. ಪಾಲಾದಾಗ ಊರಿನ ಮನೆ ದೇವಯ್ಯನಿಗೆ ಬಂದಿತ್ತು. ಕೆಲಸದಲ್ಲಿರುವವನಿಗೆ ಮನೆ ಯಾಕೆ ಎಂದು ಸಿದ್ದರಾಜು ತೋಟವನ್ನಷ್ಟೇ ತೆಗೆದುಕೊಂಡಿದ್ದ.

ಬಂದವರೆಲ್ಲ ಬಾಗಿಲ ಹಲಗೆಯ ಬಳಿ ಚಪ್ಪಲಿ ಬಿಟ್ಟು ಬಗ್ಗಿ ಒಳಗೆ ಹೋಗಿ ಬಂದರು. ದೇವಯ್ಯ ಮೆಟ್ಟಿಕೊಂಡೇ ಹೊಕ್ಕ.

“ಅಣ್ಣೋ, ಎಕ್ಕಡ.”

“ಗಾಡಿ ಅತ್ತಾಕೆ ಯಾರ್ಲಾ ಎಕ್ಕಡ ಬುಡ್ತಾರೆ? ಕೆ.ಆರ್. ಪೇಟೆ ಬಸ್ಸು ಅತ್ತುವಾಗ ಬುಡ್ತೀಯಾ?”

ಎಲ್ಲರೂ ನಕ್ಕರು. ಸಿದ್ದರಾಜನೇ ಎಲ್ಲರಿಗಿಂತ ಜಾಸ್ತಿ ನಕ್ಕ. ಆಮೇಲೆ ದೇವಯ್ಯ ಪೇಪರಿನಲ್ಲಿ ಸುತ್ತಿ ತಂದಿದ್ದ ಹಿತ್ತಾಳೆ ದೀಪವನ್ನು ತೆಗೆದು, ನಾದಿನಿಯ ಕೈಗೆ ಕೊಟ್ಟು, ಮದುವೆ ಮನೆಯಲ್ಲಿ ಕೂಗುವವರ ಹಾಗೆ ಕೂಗಿದ: “ಹೊಂಗೆಕೊಪ್ಪಲು ದೇವಯ್ಯನೋರ ಮುಯ್ಯಿ, ಗಾಡಿಮನೆಯೋರಿಗೆ, ಒಂದು ದೀಪ.”

*

“ಗಾಡಿ ಗಾಡೀನೇ, ಮನೆ ಮನೇನೇ,” ಎಂದ ದೇವಯ್ಯ. “ನನ್ನ ತಮ್ಮನ್ನ ತಗಡಿನ ಡಬ್ಬದಲ್ಲಿ ಮಲಗ್ಸಿದ್ರೆ ಸುತ್ತೇಳು ಅಳ್ಳಿಯೋರು ನಗಾಕಿಲ್ವಾ?”

“ನಗ್ಲಿ. ಅವ್ರಿದ್ದಾಗ್ಲೂ ನಗ್ತಿದ್ರು,” ಎಂದಳು ಪುಟ್ಟತಾಯಮ್ಮ. “ಕ್ವಾಟ್ರಸ್ಸು ಸರ್ಕಾರದ್ದು, ನಾಳಿದ್ದು ಬುಡು ಅಂದ್ರೆ ಬುಡಬೇಕು. ಊರ ಮನೆ ನಿಮ್ದು. ನಂದು ಅಂತ ಅವ್ರು ಕೈಯಿಟ್ಟು ತೋರಿಸ್ತಿದ್ದ ಮನೆ ಯಾವ್ದು, ನೀವೇ ಯೋಳಿ.”

ದೇವಯ್ಯ ಟವೆಲನ್ನು ಕೈಗೆ ಸುತ್ತಿಕೊಂಡ.

“ಆಲುಕ್ಕಿಸಿದ ಜಾಗ ಮನೆ ಅಲ್ವಾ ಭಾವ? ಅಲ್ಲಿ ಆಲುಕ್ಕಿಸಿದ್ದೋಳು ನಾನು. ಮುಯ್ಯಿ ಇಟ್ಟೋರು ಯಾರು?”

“ಅದು ತಮಾಸೆಗೆ ಕನವ್ವ.”

“ತಮಾಸೆಗೆ ಇಟ್ಟ್ರೂ ಮುಯ್ಯಿ ಮುಯ್ಯೀನೇ. ನಿಮ್ಮನೇಲಿ ಮದ್ವೆ ಆದಾಗ ತೀರ್ಸಬೇಕು ಅಂತ ಅವ್ರು ಲೆಕ್ಕ ಇಟ್ಟಿದ್ರು. ಎಲ್ಲಿ ಇಳ್ಕಂಡ್ರೂ ಮೊದ್ಲು ಅದೇ ದೀಪ ಅಚ್ಚಿವ್ನಿ. ಮನೆ ಅಲ್ದಿದ್ರೆ ಅಲ್ಲಿ ದೀಪಕ್ಕೇನು ಕೆಲಸ?”

ಗುಂಪಿನಲ್ಲಿ ಯಾರೋ ಗಂಡಸು, “ಆಯಮ್ಮ ಯೋಳೋದು ಸರಿಯಾಗೇ ಅದೆ,” ಎಂದ. ಇನ್ನೊಬ್ಬ, “ಎಂಗಲಾ ಸರಿ? ನಾಳೆ ಎಲ್ರೂ ಎತ್ತಿನಗಾಡಿ ತಂದು ಮನೆ ಅಂದ್ರೆ?” ಎಂದ. “ನಿನ್ನ ಗಾಡೀಲಿ ಆಲುಕ್ಕಿಸಿದ್ದೀಯೇನಲಾ? ಸಗಣಿ ಉಕ್ಕಿಸಿದ್ದೀಯ,” ಎಂದು ಮೊದಲಿನವನು ಬಾಯಿ ಮುಚ್ಚಿಸಿದ.

ಅಷ್ಟರಲ್ಲಿ ಪುಟ್ಟಗೌರಮ್ಮ ಎದ್ದು ನಿಂತಳು. ಎಲ್ಲರೂ ಅವಳ ಕಡೆ ತಿರುಗಿದರು.

“ದೇವಣ್ಣ, ನನ್ನ ಮುಖ ನೋಡಾಕಾಗಾಕಿಲ್ಲ ಅಂದ್ಯಲ್ಲ. ನೋಡು ಈಗ. ಗಾಡಿ ಕಲ್ಲಿಂದ ಆಚೆಗೆ ನಿಂತ್ರೆ ಯಾರ ಮಾತೂ ಮುರಿಯಾಕಿಲ್ಲ. ನನ್ನ ಮಗ ಆವತ್ತು ಬಿಸಿಲಲ್ಲಿದ್ದ. ಮರದ ನೆಳ್ಳು ಅತ್ಲಾಗಿ ಸರಿದೋಯ್ತು, ಅವನ್ನ ಸರಿಸೋರಿಲ್ಲ. ಇನ್ನೊಬ್ರನ್ನ ಅಂಗೆ ನೋಡು ಅಂತ ನನ್ನ ಇಲ್ಲಿ ಕೂರಿಸ್ಬ್ಯಾಡ.”

ದೇವಯ್ಯ ಟವೆಲನ್ನು ಹೆಗಲಿಗೆ ಹಾಕಿಕೊಂಡು ಕಣದ ಕಡೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಬೆನ್ನು ತಿರುಗಿಸದೆಯೇ ಕೂಗಿದ: “ಉಲ್ಲು ಇಳಿಸಾಕೆ ನಾಲ್ಕು ಜನ ಬನ್ರಲಾ.”

ಹುಲ್ಲು ಆ ವರ್ಷದ ಸುಗ್ಗಿಯದು, ಇನ್ನೂ ಹಸಿರು ವಾಸನೆಯಿತ್ತು. ಮೆದೆಯನ್ನು ಕಿತ್ತಂತೆ ತಗಡು ಕಾಣಿಸಿತು. ಗಾಡಿ ಅಲ್ಲಿಗೆ ಬಂದು ಕೆಲವು ವರ್ಷಗಳಾಗಿದ್ದವು. ಕ್ವಾರ್ಟರ್ಸಿನ ಅಂಗಳ ಖಾಲಿ ಮಾಡಬೇಕೆಂದು ಹೊಸ ಸಾಹೇಬರು ಹೇಳಿದ ಮೇಲೆ ಸಿದ್ದರಾಜು ತಂದು ನಿಲ್ಲಿಸಿದ್ದ. ಒಂದು ಚಕ್ರ ಗಾಳಿ ಹೋಗಿ ನೆಲಕ್ಕೆ ಅಂಟಿಕೊಂಡಿತ್ತು. ಎಳೆಯುವ ಕೊಕ್ಕೆಯ ಪಕ್ಕದ ಗೂಡಿನಲ್ಲಿ ಕಾವಿಗೆ ಕೂತಿದ್ದ ಕೋಳಿ ಏಳಲು ಒಪ್ಪದೆ ದಿಲೀಪನ ಕೈ ಕುಕ್ಕಿತು.

ಅಂಚಿನ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿದ ಸುನಿತಾ ನಿಂತುಬಿಟ್ಟಳು. ಇಲಿ ಕಡಿದು ಚಿಂದಿಯಾಗಿರುತ್ತದೆಂದು ಅವಳು ಅಂದುಕೊಂಡಿದ್ದ ಬಟ್ಟೆ ಮಡಿಕೆ ಮುರಿಯದೆ ಇತ್ತು. ಮಡಿಕೆಗಳ ನಡುವೆ ಬೇವಿನಸೊಪ್ಪು. ಒಣಗಿದ್ದರೂ ಬಣ್ಣ ಪೂರ್ತಿ ಹೋಗಿರಲಿಲ್ಲ. ಹೋದ ವರ್ಷದ್ದಲ್ಲ, ಈ ಸುಗ್ಗಿಯದು.

“ಇದನ್ನ ಯಾರು ಹಾಕಿದ್ದು?”

“ಉಲ್ಲಿಗೆ ಇಲಿ ಬೀಳ್ತವೆ ಅಂತ ಆಕ್ದೆ,” ಎಂದ ದೇವಯ್ಯ, ಅವಳ ಕಡೆ ನೋಡದೆ.

“ಹುಲ್ಲು ಮೇಲಿದೆ ದೊಡ್ಡಪ್ಪ. ಸೊಪ್ಪು ಒಳಗಿದೆ.”

“ಮೇಷ್ಟ್ರಮ್ಮ ಆದೆ ಅಂತ ನನಗೇ ಪಾಟ ಮಾಡ್ಬ್ಯಾಡ. ಸರಿ ಆ ಕಡೆ.”

*

ಟೈರಿಗೆ ಗಾಳಿ ತುಂಬಿದ್ದು ಕುಳ್ಳಯ್ಯ. ಸುದ್ದಿ ತಿಳಿದು ಪಾಂಡವಪುರದಿಂದ ಜೀಪಿನಲ್ಲಿ ಬಂದಿದ್ದ. ಮೊದಲು ವ್ಯಾನಿನೊಳಗೆ ಹೋಗಿ, ಗೆಳೆಯನ ಪಾದ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಪಂಪು ಹಿಡಿದುಕೊಂಡು ಕಣಕ್ಕೆ ಬಂದ. ಪಂಪು ಒತ್ತುತ್ತಲೇ ಸುತ್ತ ನಿಂತ ಹುಡುಗರಿಗೆ ಕತೆ ಹೇಳತೊಡಗಿದ. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ನಿಂತಿರಲಿಲ್ಲ.

“ಈ ಚಕ್ರ ಅದೆಯಲ್ಲ, ಇದು ಕಟ್ಟೆ ನೀರು ಕುಡಿದಿರೋ ಚಕ್ರ. ಗೊತ್ತೇನ್ರಲಾ? ನೀರಳೆಯೋನ ಮನೇಗೇ ನೀರು ನುಗ್ಗಿತ್ತು.”

“ಅಣ್ಣ, ಈಗ ಬೇಡ,” ಎಂದ ದಿಲೀಪ.

“ಈಗ್ಲೇ ಬೇಕು ಕಣ್ಲಾ. ನಾನು ಇನ್ಯಾವಾಗ ಯೋಳ್ಲಿ? ನಿಮ್ಮಪ್ಪ ಎದುರಿಗಿದ್ದಿದ್ರೆ ಅವ್ನೇ ಯೋಳ್ತಿದ್ದ, ನನ್ಗೆ ಬುಡ್ತಿರ್ಲಿಲ್ಲ.”

*

ಗಾಡಿಯ ಗೃಹಪ್ರವೇಶದ ಮರುವರ್ಷ ಆಷಾಢದಲ್ಲಿ ಕಟ್ಟೆಯ ಹಿನ್ನೀರಿನ ದಂಡೆಗೆ ಹೋಗಿದ್ದರು. ಅದಕ್ಕೆ ಮೊದಲು ತೊಣ್ಣೂರು ಕೆರೆಯ ಏರಿ, ಕುಂತಿಬೆಟ್ಟದ ತಪ್ಪಲು, ಕರಿಘಟ್ಟದ ಕೆಳಗಿನ ಹೊಳೆ, ಅಕ್ಕಿಹೆಬ್ಬಾಳಿನ ಹೇಮಾವತಿ ಎಲ್ಲ ಆಗಿತ್ತು. ಶನಿವಾರ ಮಧ್ಯಾಹ್ನ ಕುಳ್ಳಯ್ಯ ಗಾಡಿ ಎಳೆದುಕೊಂಡು ಹೋಗಿ ಬಿಟ್ಟು ಬರುವುದು, ಭಾನುವಾರ ಸಂಜೆ ಹೋಗಿ ಎಳೆದು ತರುವುದು. ಮಧ್ಯೆ ಅವರಿಗೆ ಬೇರೆ ಖರ್ಚೇ ಇರಲಿಲ್ಲ. ಮೂರು ಕಲ್ಲಿನ ಒಲೆ, ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮೀನುಗಾರರು ಸಿಕ್ಕರೆ ಮೀನು.

ಸಿದ್ದರಾಜು ಹೋದಲ್ಲೆಲ್ಲ ಮೊದಲು ಮಾಡುತ್ತಿದ್ದ ಕೆಲಸ ಮಟ್ಟ ನೋಡುವುದು. ಚಕ್ರಕ್ಕೆ ಕಲ್ಲು ಕೊಟ್ಟು, ಒಳಗಿನ ಹಲಗೆಯ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲುವ ತನಕ ಚಕ್ರದ ಕೆಳಗೆ ಹಲಗೆ ಚೂರುಗಳನ್ನು ತೂರಿಸುವುದು. ಆಮೇಲೆ ಮೂಡಲು ನೋಡಿಕೊಳ್ಳುವುದು. ಮಲಗಿದವರ ತಲೆ ಮೂಡಲಿಗೇ ಬರಬೇಕು. ಅಷ್ಟಾದ ಮೇಲೆ ನಾಲ್ವರೂ ನಾಲ್ಕು ಮೂಲೆಗೆ ಹೋಗಿ ನಿಲ್ಲುವುದು. “ಒಂದೇ ಸಮ... ಬರ್ಲಿ,” ಎಂದು ಅವನು ಹೇಳಿದರೆ ಚಾವಣಿ ಏಳುತ್ತಿತ್ತು.

ಹಿನ್ನೀರಿನಲ್ಲೂ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಬೆಳಿಗ್ಗೆ ಕಟ್ಟೆಯ ಗೇಜನ್ನು ತಾನೇ ಓದಿ ಬಂದಿದ್ದ. ಕೊಡಗಿನಲ್ಲಿ ಮಳೆ; ನಾಳೆ ಬೆಳಗಿನೊಳಗೆ ಒಂದು ಅಡಿ ಏರಬಹುದೆಂದು ಲೆಕ್ಕ ಹಾಕಿದ. ನೀರಿಗಿಂತ ಒಂದು ಆಳೆತ್ತರ ಮೇಲಿರುವ ದಿಬ್ಬವನ್ನು ಕುಳ್ಳಯ್ಯ ತೋರಿಸಿದರೂ, ಅಷ್ಟು ದೂರದಿಂದ ನೀರು ತರುವುದು ಹೆಂಡತಿಗೆ ಕಷ್ಟವೆಂದು ಹುಲ್ಲುಬಯಲಿನಲ್ಲೇ ಇಳಿಸಿದ. ಅಲ್ಲಿಂದ ನೀರಂಚು ಒಂದು ಕೂಗಳತೆ ದೂರದಲ್ಲಿತ್ತು.

ಬೆಳಗಾಗುವ ಹೊತ್ತಿಗೆ ದಿಲೀಪ ಹಾಸಿಗೆಯಿಂದ ಕಾಲು ಇಳಿಬಿಟ್ಟು, “ಅಪ್ಪ, ನನ್ನ ಚಪ್ಪಲಿ ಹೋಗ್ತಾ ಇದೆ,” ಎಂದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳು ಮೆಲ್ಲಗೆ ತೇಲಿಕೊಂಡು ಒಂದರ ಹಿಂದೊಂದು ಹೊರಟಿದ್ದವು. ಚಕ್ರ ಅರ್ಧ ಮುಳುಗಿತ್ತು. ಸುತ್ತ ಕನ್ನಡಿಯಂಥ ನೀರು, ಅದರಲ್ಲಿ ಮೋಡ.

ಪುಟ್ಟತಾಯಮ್ಮ ಗಂಡನ ಮುಖ ನೋಡಿದಳು. ಸಿದ್ದರಾಜು ಗೇಣು ಹಾಕಿ ನೀರಿನ ಆಳ ಅಳೆಯುತ್ತಿದ್ದ.

“ಒಂದಡಿ ಅಂದಿದ್ದೆ. ಒಂದಡೀನೇ ಏರದೆ.”

“ಮತ್ತೆ ಇಲ್ಲೀಗಂಟ ಯಾಕೆ ಬಂತು?”

ಅವನು ಬಯಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಊಟದ ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ದಿನವೂ ಗೋಡೆಯ ಮೇಲಿನ ಗೆರೆಗಳಲ್ಲಿ ನೀರಿನ ಎತ್ತರ ಓದಿ ಓದಿ, ಇಳಿಜಾರಿಲ್ಲದ ನೆಲದ ಮೇಲೆ ಒಂದು ಅಡಿ ಎತ್ತರದ ನೀರು ಎಷ್ಟು ಉದ್ದಕ್ಕೆ ಹರಡುತ್ತದೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

“ಮೇಲಕ್ಕೆ ಬರೋದು ಗೊತ್ತಿತ್ತು,” ಎಂದ. “ಮುಂದಕ್ಕೆ ಬರೋದು ಮರ್ತೆ.”

ಮೊದಲು ನಕ್ಕಿದ್ದು ಪುಟ್ಟತಾಯಮ್ಮ. ಹಾಸಿಗೆಯ ಅಂಚಿನಲ್ಲಿ ಕೂತು, ಕಾಲನ್ನು ನೀರಿಗೆ ಬಿಟ್ಟುಕೊಂಡು, ರಾತ್ರಿ ಉಳಿದಿದ್ದ ರೊಟ್ಟಿಯನ್ನು ನಾಲ್ವರಿಗೂ ಹಂಚಿದಳು. ಆಮೇಲೆ ಇಬ್ಬರು ಮೀನುಗಾರರನ್ನು ಕೂಗಿ ಗಾಡಿಯನ್ನು ದಿಬ್ಬಕ್ಕೆ ತಳ್ಳಿದರು. ಸುನಿತಾ ಇವತ್ತಿಗೂ ತನ್ನ ತರಗತಿಯಲ್ಲಿ ಇಳಿಜಾರಿನ ಪಾಠಕ್ಕೆ ಹಲಗೆಯ ಮೇಲೆ ಮೊದಲು ಬರೆಯುವುದು ಒಂದು ಗಾಡಿ, ಅದರ ಮುಂದೆ ಚಪ್ಪಟೆ ನೆಲ, ತೇಲುವ ಚಪ್ಪಲಿ.

*

ಟ್ರಾಕ್ಟರು ಗಾಡಿಯನ್ನು ಊರೊಳಗಿಂದ ಎಳೆದು, ಕರುಗಲ್ಲನ್ನು ದಾಟಿಸಿ, ಆಲದ ಮರದ ಪಕ್ಕ ತಂದು ನಿಲ್ಲಿಸಿತು.

“ತಲೆ ತೆಂಕಲಿಗೆ ಬರಬೇಕು,” ಎಂದಳು ಪುಟ್ಟತಾಯಮ್ಮ. “ತಿರುಗ್ಸಿ.”

ತಿರುಗಿಸಿದರು. ಅವಳು ಒಳಗಿನ ಗೂಡಿಗೆ ಕೈ ಹಾಕಿ ರಸಮಟ್ಟ ತೆಗೆದಳು. ಅದರ ಹಿಂದೆ ಹಳೆಯ ಬನಿಯನ್ನಿನಲ್ಲಿ ಸುತ್ತಿದ ದೀಪ ಸಿಕ್ಕಿತು. ದೀಪವನ್ನು ಪುಟ್ಟಗೌರಮ್ಮನ ಕೈಗೆ ಕೊಟ್ಟು, ರಸಮಟ್ಟವನ್ನು ಹಲಗೆಯ ಮೇಲಿಟ್ಟು ಬಗ್ಗಿ ನೋಡಿದಳು. ಗುಳ್ಳೆ ಎಡಕ್ಕೆ ಓಡಿತು.

“ಎಡಚಕ್ರ ಮೇಲದೆ. ಬಲಗಡೀಕೆ ಒಂದು ಹಲಗೆ ಕೊಡು ದಿಲೀಪ.”

“ಸತ್ತೋರಿಗೆ ಮಟ್ಟ ಯಾಕವ್ವ?” ಎಂದ ಟ್ರಾಕ್ಟರಿನ ಹುಡುಗ.

“ನೀನು ಅವನ್ನ ಕಾಣೆ ಬುಡು,” ಎಂದ ಕುಳ್ಳಯ್ಯ. “ಸೊಟ್ಟ ಇಟ್ರೆ ಎದ್ದು ಬೈದಾನು.”

ಗುಳ್ಳೆ ನಡುವೆ ನಿಂತಿತು. ಪುಟ್ಟತಾಯಮ್ಮ ತನ್ನ ಮೂಲೆಗೆ ಹೋದಳು. ಸುನಿತಾ ಹಿಂದಿನ ಎಡಮೂಲೆಗೆ, ದಿಲೀಪ ಹಿಂದಿನ ಬಲಮೂಲೆಗೆ. ಯಾರಿಗೆ ಯಾವ ಜಾಗವೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೂವರೂ ಕೊಳವೆಯ ಹಿಡಿಗೆ ಕೈ ಕೊಟ್ಟು ನಿಂತರು. ಮುಂದಿನ ಎಡಮೂಲೆ ಖಾಲಿ ಇತ್ತು.

ಕುಳ್ಳಯ್ಯ ಒಂದು ಹೆಜ್ಜೆ ಮುಂದಿಟ್ಟವನು ನಿಂತ. ಅವನ ದೃಷ್ಟಿ ದೇವಯ್ಯನ ಕಡೆ ಹೋಯಿತು.

ದೇವಯ್ಯ ವ್ಯಾನಿನ ಪಕ್ಕ ನಿಂತಿದ್ದ. ಹುಲ್ಲಿನ ಚೂರುಗಳು ಅವನ ತಲೆಯ ಮೇಲೆ ಹಾಗೇ ಇದ್ದವು. ಎಲ್ಲರೂ ಕಾಯುತ್ತಿದ್ದಾರೆಂಬುದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಿಧಾನವಾಗಿ ಬಂದು ಖಾಲಿ ಮೂಲೆಯಲ್ಲಿ ನಿಂತು ಹಿಡಿಯನ್ನು ಹಿಡಿದುಕೊಂಡ.

“ನಾನು ಯಾವತ್ತೂ ಎತ್ತಿಲ್ಲ ಕನವ್ವ.”

“ನಮ್ಮ ಜೊತೇಲಿ ಬನ್ನಿ ಭಾವ. ಮುಂದಕ್ಕೆ ಓಗ್ಬ್ಯಾಡಿ, ಇಂದಕ್ಕೂ ಉಳೀಬ್ಯಾಡಿ.”

ದಿಲೀಪ ಬಾಯಿ ತೆರೆದ. ಹೊರಟ ದನಿ ಅವನಪ್ಪನ ದನಿಯಷ್ಟೇ ದಪ್ಪಗಿತ್ತು.

“ಒಂದೇ ಸಮ... ಬರ್ಲಿ.”

ದೇವಯ್ಯ ಆತುರಪಟ್ಟ. ಮೂಲೆ ಮುಂದಾಗಿ ಚಾವಣಿ ಕಚ್ಚಿಕೊಂಡಿತು. ಇಳಿಸಿದರು. ಮತ್ತೆ ದಿಲೀಪ ಕೂಗಿದ. ಈ ಸಲ ದೇವಯ್ಯ ಚಾವಣಿಯನ್ನು ನೋಡಲಿಲ್ಲ, ತನ್ನ ಕೈಯನ್ನೂ ನೋಡಲಿಲ್ಲ. ಎದುರಿಗಿದ್ದ ನಾದಿನಿಯ ಕೈಯನ್ನೇ ನೋಡುತ್ತ, ಅದು ಏರಿದಷ್ಟೇ ಏರಿಸಿದ. ತಗಡು ಸದ್ದಿಲ್ಲದೆ ಮೇಲೆದ್ದಿತು. ನಾಲ್ಕು ಪಿನ್ನುಗಳು ತೂತಿಗೆ ಬಿದ್ದವು. ಬಟ್ಟೆಯ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡು, ಬೇವಿನೆಲೆಗಳು ಉದುರಿ, ಗೋಡೆಗಳಾದವು.

ಮರದ ಮಗ್ಗುಲಲ್ಲಿ ಒಂದು ಮನೆ ಎದ್ದು ನಿಂತಿತ್ತು. ಅದರ ಬಾಗಿಲ ಮುಂದೆ ಸಿದ್ದರಾಜನ ಮೈ ತೊಳೆದು, ಪಂಚೆ ಉಡಿಸಿ, ಒಳಗೆ ಅವನು ಯಾವಾಗಲೂ ಮಲಗುತ್ತಿದ್ದ ಎಡಮಂಚದ ಮೇಲೆ ಮಲಗಿಸಿದರು. ಹಲಗೆ ಅಲುಗಲಿಲ್ಲ. ಪುಟ್ಟಗೌರಮ್ಮ ದೀಪ ತಿಕ್ಕಿ, ಎಣ್ಣೆ ಬತ್ತಿ ಹಾಕಿ ಅವನ ತಲೆಯ ಹತ್ತಿರ ಹಚ್ಚಿಟ್ಟಳು. ನಂಟರು, ಊರವರು, ಕೆ.ಆರ್.ಎಸ್.ನಿಂದ ಬಂದ ಜೊತೆಗಾರರು ಒಬ್ಬೊಬ್ಬರೇ ಬಗ್ಗಿ ಒಳಗೆ ಹೋಗಿ ಹೂವು ಹಾಕಿ ಬಂದರು. ಒಳಗೆ ಹೋದವರು ಹೊರಗೆ ಬರಲು ತಡ ಮಾಡುತ್ತಿದ್ದರು. ಕಿಟಕಿಯ ಪರದೆ, ಮಡಿಚುವ ಮೇಜು, ಲೋಟ ನೇತುಹಾಕುವ ಕೊಕ್ಕೆಗಳನ್ನು ನೋಡುತ್ತ ನಿಲ್ಲುತ್ತಿದ್ದರು.

“ಚೆಂದಾಗಿ ಮಾಡವ್ನೆ,” ಎಂದು ಎತ್ತಿನಗಾಡಿಯ ಮಾತೆತ್ತಿದ್ದ ಗಂಡಸು ಹೊರಬಂದು ಹೇಳಿದ. “ನಮ್ಮನೇಗಿಂತ ತಂಪದೆ.”

ಹೊತ್ತು ಇಳಿಯುವ ಮುಂಚೆ ಚಟ್ಟ ಬಾಗಿಲಿಗೆ ಬಂತು. ಹೊರಡುವಾಗ ಪುಟ್ಟತಾಯಮ್ಮ ಮೆಟ್ಟಿಲ ಹಲಗೆಯ ಮೇಲೆ ನಿಂತು, ಗಂಡನನ್ನು ಮನೆಯಿಂದ ಕಳಿಸಿಕೊಡುವ ಎಲ್ಲ ಹೆಂಗಸರ ಹಾಗೆ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅತ್ತಳು. ಆ ಚೌಕಟ್ಟಿಗೆ ಬೆಸುಗೆ ಹಾಕಿದ್ದ ಕುಳ್ಳಯ್ಯ ಚಟ್ಟದ ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ. ತೋಟದಲ್ಲಿ ಮಣ್ಣಿನ ಕೆಲಸ ತಡವಿಲ್ಲದೆ ಮುಗಿಯಿತು. ದಿಲೀಪನ ನಂತರ ಎರಡನೆಯ ಹಿಡಿ ಮಣ್ಣು ದೇವಯ್ಯನದು.

*

ಗುಡ್ಡೆಗೆ ಹಾಲು-ತುಪ್ಪ ಬಿಡುವ ದಿನದವರೆಗೆ ದೀಪ ಆರಬಾರದು. ಪ್ರಾಣ ಹೋದವರು ಎಲ್ಲಿಂದ ಹೊರಟರೋ ಆ ಜಾಗದಲ್ಲೇ ಅದು ಉರಿಯುತ್ತಿರಬೇಕು.

ತೋಟದಿಂದ ಬಂದವರು ಸ್ನಾನ ಮಾಡಿ ದೇವಯ್ಯನ ಮನೆಯ ಜಗಲಿಯಲ್ಲಿ ಕೂತಿದ್ದರು. ಕುಳ್ಳಯ್ಯ ಜೀಪು ಹತ್ತಿ ಹೊರಟಿದ್ದ. ಗಾಡಿಯ ಟೈರು ಬದಲಾಯಿಸಲು ಭಾನುವಾರ ಬರುತ್ತೇನೆಂದು ಯಾರೂ ಕೇಳದಿದ್ದರೂ ಹೇಳಿ ಹೋಗಿದ್ದ. ಪುಟ್ಟತಾಯಮ್ಮನಿಗೆ ಕೂತಲ್ಲೇ ಜೊಂಪು ಹತ್ತಿತ್ತು.

“ದೊಡ್ಡಪ್ಪನ್ನ ಊಟಕ್ಕೆ ಕರಿ ಮಗ,” ಎಂದಳು ದೇವಯ್ಯನ ಹೆಂಡತಿ ಸೋಮಮ್ಮ. “ಎಣ್ಣೆ ಗಿಂಡಿ ಇಡ್ಕಂಡು ಅಂಗೇ ಓದ್ರು.”

ಸುನಿತಾ ಊರಬಾಗಿಲಿಗೆ ನಡೆದಳು. ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಕರುಗಲ್ಲಿನ ಆಚೆ ಗಾಡಿ ಒಳಗಿನ ಬೆಳಕಿನಿಂದ ಹಳದಿಯಾಗಿತ್ತು. ಬಟ್ಟೆಯ ಗೋಡೆಯ ಮೇಲೆ ಕೂತ ಮನುಷ್ಯನ ನೆರಳು. ಅದು ಬಗ್ಗಿ ಏನನ್ನೋ ಸರಿಮಾಡಿತು, ನೆಟ್ಟ ಕೂತಿತು.

ಕೂಗಲೆಂದು ಹತ್ತಿರ ಬಂದವಳು ಕಲ್ಲಿನ ಬಳಿಯೇ ನಿಂತಳು.

ಮೆಟ್ಟಿಲ ಹಲಗೆಯ ಪಕ್ಕದಲ್ಲಿ, ನೆಲದ ಮೇಲೆ, ತೋಟದ ಕೆಮ್ಮಣ್ಣು ಮೆತ್ತಿದ ದೇವಯ್ಯನ ಎಕ್ಕಡಗಳು ಜೋಡಿಯಾಗಿ ಇದ್ದವು.